ಒಳಗಿನಿಂದ ಹಚ್ಚಿದ ತೇಪೆ

ನಾನು ಆದವಾನಿಯಲ್ಲಿ ನಲವತ್ತು ವರ್ಷ ಸೋರುವ ಟಾಂಕಿಗಳನ್ನು ರಿಪೇರಿ ಮಾಡಿದವನು. ಹತ್ತಿ ಜಿನ್ನುಗಳ ಮಾಳಿಗೆಯ ಮೇಲೆ, ರೈಲು ನಿಲ್ದಾಣದ ಹಿಂದಿನ ಬೀದಿಗಳಲ್ಲಿ, ಎಲ್ಲೆಲ್ಲಿ ಫೈಬರ್ ಟಾಂಕಿ ಬಿರಿದು ಗೋಡೆ ನೆನೆಯುತ್ತಿತ್ತೋ ಅಲ್ಲೆಲ್ಲ ನನ್ನನ್ನು ಕರೆಯುತ್ತಿದ್ದರು. ಟಾಂಕಿ ಮಾಸ್ತರ ಎಂದು ಹೆಸರು. ಓದಿದ್ದು ಹತ್ತನೆಯ ತರಗತಿಯವರೆಗೆ, ಕನ್ನಡದಲ್ಲಿ. ವ್ಯಾಪಾರ ಮಾಡಿದ್ದು ತೆಲುಗಿನಲ್ಲಿ. ಅಂಗಡಿಯ ಬೋರ್ಡೂ ತೆಲುಗಿನಲ್ಲೇ ಇದೆ. ತಪ್ಪೊಪ್ಪಿಗೆಯನ್ನು ಮಾತ್ರ ಮೊದಲು ಕಲಿತ ಅಕ್ಷರದಲ್ಲೇ ಬರೆಯಬೇಕೆನಿಸಿತು.

ನನ್ನ ಕೈಯ ತಪ್ಪಿನಿಂದ ಒಂದು ದೋಣಿ ಮುಳುಗಿತು. ಆ ತಪ್ಪನ್ನು ನನ್ನ ತಂಗಿಯ ಗಂಡನ ತಲೆಗೆ ಕಟ್ಟಿ ನಾನು ಹನ್ನೊಂದು ವರ್ಷ ಸುಮ್ಮನಿದ್ದೆ. ವಿಷಯ ಇಷ್ಟೇ. ಈಗ ಅಂಗಡಿ ನೋಡಿಕೊಳ್ಳುವ ನನ್ನ ಮಗ ಇದನ್ನು ಬರೆಯಬೇಡ ಎನ್ನುತ್ತಾನೆ. ಮನೆಯಲ್ಲಿ ಹೇಳಿದ್ದಾಯಿತು, ಊರಲ್ಲಿ ಹೇಳಿದ್ದಾಯಿತು, ಇನ್ನು ಕಾಗದದ ಮೇಲೆ ಯಾಕೆ ಎಂಬುದು ಅವನ ಪ್ರಶ್ನೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳುವ ಹಕ್ಕು ನನಗಿದೆ ಎಂದು ಅವನಿಗೆ ಹೇಳಿದ್ದೇನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಾಗದವೇ ಎಂದು ಓದುವವರು ಅಂದುಕೊಂಡರೆ ಅಂದುಕೊಳ್ಳಲಿ. ಒಬ್ಬ ಮನುಷ್ಯ ತನ್ನ ಕೈಗಳನ್ನೇ ನಂಬದಂತಾಗುವುದು ಸಣ್ಣ ವಿಷಯವೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

ತಂಗಿಯನ್ನು ಕೊಟ್ಟದ್ದು ಗೋನೆಗಂಡ್ಲದ ಕಡೆಯ ಒಂದು ಹಳ್ಳಿಗೆ. ಊರಿಗೆ ಅಂಟಿಕೊಂಡೇ ಜಲಾಶಯವಿದೆ. ಆಕೆಯ ಗಂಡ ಹರೆಯದಲ್ಲೇ ನೌಕಾಪಡೆಗೆ ಅಡುಗೆಯವನಾಗಿ ಸೇರಿದ. ಅಲ್ಲಿಂದ ಬಿಟ್ಟ ಮೇಲೂ ವಿಶಾಖಪಟ್ಟಣದಲ್ಲೇ ಉಳಿದು, ಹಾಯಿದೋಣಿ ಆಡಿಸುವವರ ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದ. ದೋಣಿಗೆ ಒಬ್ಬರು ಕಡಿಮೆ ಬಿದ್ದ ದಿನ ಇವನನ್ನು ಕೂರಿಸಿಕೊಳ್ಳುತ್ತಿದ್ದರಂತೆ. ಹಾಗೆ ಕೂತು ಕೂತು ಗಾಳಿ ನೋಡುವುದು, ಹಗ್ಗ ಹಿಡಿಯುವುದು, ಚುಕ್ಕಾಣಿ ತಿರುಗಿಸುವುದು ಎಲ್ಲ ಕೈಗೆ ಬಂತು. ಊರಿಗೆ ಮರಳಿದಾಗ ಜನ ಅವನಿಗೆ ನೇವಿ ಎಂದು ಹೆಸರಿಟ್ಟರು. ಅರ್ಧ ಗೌರವ, ಅರ್ಧ ಕುಚೋದ್ಯ. ಹಡಗಿನಲ್ಲಿ ಸೌಟು ತಿರುವಿದವನು ಯುದ್ಧದ ಕತೆ ಹೇಳುತ್ತಾನೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಅವನು ಯುದ್ಧದ ಕತೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುತ್ತಿದ್ದುದೆಲ್ಲ ಗಾಳಿಯ ಕತೆ. ಇಲ್ಲಿ ನಾನೂ ಅವನನ್ನು ನೇವಿ ಎಂದೇ ಬರೆಯುತ್ತೇನೆ.

ಅವನ ಹಿಂದೆಯೇ ಒಂದು ದೋಣಿಯೂ ಬಂತು. ಹಳತಾಯಿತೆಂದು ಕ್ಲಬ್ಬಿನವರು ಮೂಲೆಗೆ ತಳ್ಳಿದ್ದ ಫೈಬರ್ ಹಾಯಿದೋಣಿ. ಆದವಾನಿಯಿಂದ ಹತ್ತಿಯ ಅಂಡಿಗೆ ಹೊತ್ತು ಹೋಗಿದ್ದ ಲಾರಿ ಮರಳಿ ಬರುವಾಗ ಅದನ್ನು ಹೊತ್ತು ತಂದಿತು. ಲಾರಿಯ ಸುತ್ತ ಜನ ಸೇರಿದರು. ನಮ್ಮ ಕಡೆಯವರಿಗೆ ದೋಣಿಯೆಂದರೆ ಬೆಸ್ತರ ಪುಟ್ಟಿ, ಬುಟ್ಟಿಯಂತೆ ದುಂಡಗಿರುವುದು. ಇದು ಉದ್ದವಾಗಿ, ಬೆಳ್ಳಗೆ, ಮೂಗು ಚೂಪಾಗಿ ಇತ್ತು. ತಳದಲ್ಲಿ, ಮುಂದಿನ ಆಸನದ ಕೆಳಗೆ, ಅಂಗೈ ಅಗಲದ ಬಿರುಕು. ರಿಪೇರಿಗೆ ಬೇರೆ ಯಾರನ್ನು ಹುಡುಕಬೇಕು, ಹೆಂಡತಿಯ ಅಣ್ಣನೇ ಟಾಂಕಿ ಮಾಸ್ತರನಿದ್ದಾನಲ್ಲ. ನಾನು ಫೈಬರ್ ಅಂಟಿಸುವ ರೆಸಿನ್ ಡಬ್ಬಿ, ಗಾಜಿನ ನಾರಿನ ಮ್ಯಾಟು, ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಟಾಂಕಿಯ ತೇಪೆಯನ್ನು ಯಾವಾಗಲೂ ಒಳಗಿನಿಂದಲೇ ಹಾಕುತ್ತೇವೆ. ನೀರು ಒಳಗಿರುತ್ತದೆ, ಹೊರಕ್ಕೆ ಒತ್ತುತ್ತದೆ. ತೇಪೆ ಒಳಗಿದ್ದರೆ ನೀರೇ ಅದನ್ನು ಗೋಡೆಗೆ ಅದುಮಿ ಹಿಡಿಯುತ್ತದೆ. ಹೊರಗೆ ಹಾಕಿದರೆ ಅದೇ ನೀರು ಅದನ್ನು ತಳ್ಳಿ ಬಿಡಿಸುತ್ತದೆ. ಇದನ್ನು ನನಗೆ ಕಲಿಸಿದವರು ಹಾಗೆ ಕಲಿಸಿದ್ದರು, ನಾನು ಕಲಿಸಿದವರಿಗೂ ಹಾಗೆಯೇ ಕಲಿಸಿದೆ. ನಲವತ್ತು ವರ್ಷ ನೀರನ್ನು ಒಳಗಡೆ ಮಾತ್ರ ನೋಡಿದ ಕೈ ನನ್ನದು. ದೋಣಿಯ ನೀರು ಹೊರಗಿರುತ್ತದೆ ಎಂದು ಒಂದು ಕ್ಷಣ ನಿಂತು ಯೋಚಿಸಲಿಲ್ಲ.

ಅಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ತಳದ ನಡುವೆ ಒಂದು ಉದ್ದನೆಯ ಸೀಳಿತ್ತು. ಯಾರೋ ಬೇಕೆಂದೇ ಕೊಯ್ದಂತೆ ನೇರವಾಗಿತ್ತು. ಇದೇ ದೊಡ್ಡ ಲೀಕು ಎಂದುಕೊಂಡು ಮೊದಲು ಅದನ್ನೇ ಮುಚ್ಚಲು ರೆಸಿನ್ ಕಲಸಿದೆ. ನೇವಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಮುಂಗೈ ಹಿಡಿದುಕೊಂಡ. ಅದು ಹಲಗೆ ಇಳಿಬಿಡುವ ಜಾಗವಂತೆ, ದೋಣಿಯೊಳಗೆ ಅದರ ಸುತ್ತ ಗೂಡಿನ ಹಾಗೆ ಗೋಡೆ ಎಬ್ಬಿಸಿರುವುದರಿಂದ ಅಲ್ಲಿಂದ ನೀರು ಸೋರುವುದಿಲ್ಲವಂತೆ, ಆ ಹಲಗೆ ನೀರಿನೊಳಗೆ ನಿಂತರೇ ದೋಣಿ ಅಡ್ಡಕ್ಕೆ ಜಾರದೆ ಮುಂದಕ್ಕೆ ಹೋಗುವುದಂತೆ. ನಾಲ್ಕು ಜನರ ಎದುರು ಅಡುಗೆಯವನೊಬ್ಬ ನನ್ನ ಕೈ ಹಿಡಿದದ್ದು ನನಗೆ ಚುಚ್ಚಿತು. ಅದಾದ ಮೇಲೆ ನಾನು ಆಸನದ ಕೆಳಗೆ ತಲೆ ತೂರಿಸಿ ಬಿರುಕಿಗೆ ಮ್ಯಾಟು ಹಚ್ಚುತ್ತಿದ್ದಾಗ ಅವನು ಹಿಂದಿನಿಂದ ಮೆಲ್ಲಗೆ ಕೇಳಿದ.

"ಭಾವ, ಅಲ್ಲಿ ಮಿಸ್ತ್ರಿ ದೋಣಿ ಬೋರಲು ಹಾಕಿ ಹೊರಗಿನಿಂದ ಮಾಡ್ತಿದ್ದ. ನಾವೂ ಹಂಗ ಮಾಡೋದು ಬ್ಯಾಡೇನು?"

"ಅಡುಗಿ ನಿಂದು, ಫೈಬರ್ ನಂದು," ಎಂದೆ. "ನಾ ಬಂದು ನಿನ್ನ ಸಾರಿಗೆ ಉಪ್ಪು ಹಾಕ್ತೀನೇನು?"

ಸುತ್ತ ನಿಂತವರು ನಕ್ಕರು. ಅವನೂ ನಕ್ಕು ಒಳಗೆ ಹೋದ. ಈ ಮಾತನ್ನು ನಾನು ಎಷ್ಟು ಸಲ ನುಂಗಿದ್ದೇನೋ ಲೆಕ್ಕವಿಲ್ಲ.

ತೇಪೆ ಗಟ್ಟಿಯಾದ ಮೇಲೆ ನನ್ನ ಪದ್ಧತಿಯಂತೆ ಪರೀಕ್ಷೆ ಮಾಡಿದೆ. ಸೀಳಿನ ಸುತ್ತಲಿನ ಗೋಡೆಯ ಮಟ್ಟದವರೆಗೆ ದೋಣಿಗೆ ನೀರು ತುಂಬಿಸಿ ಒಂದು ದಿನ ಬಿಟ್ಟೆ. ಒಂದು ಹನಿ ಹೊರಗೆ ಬರಲಿಲ್ಲ. ಪಾಸು ಎಂದೆ.

ದೋಣಿ ಇಳಿಸಿದ ದಿನ ಕಟ್ಟೆಯ ಮೇಲೆ ಅರ್ಧ ಊರು ಇತ್ತು. ನನ್ನ ತಂಗಿ ಹೊಸ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ನಾಚಿಕೊಂಡೇ ಹತ್ತಿದಳು. ಹಾಯಿ ಬಿಚ್ಚಿದಾಗ ನಗುತ್ತಿದ್ದವರೆಲ್ಲ ಸುಮ್ಮನಾದರು. ಅದನ್ನು ನಾನು ಹೇಳಲೇಬೇಕು. ಆ ಬಿಳಿ ಬಟ್ಟೆ ಗಾಳಿ ತುಂಬಿಕೊಂಡು ದೋಣಿ ತಾನಾಗಿ ಹೊರಟಾಗ, ಹುಟ್ಟು ಹಾಕುವವರಿಲ್ಲದೆ ದೋಣಿ ಹೋಗುವುದನ್ನು ಜೀವಮಾನದಲ್ಲೇ ಮೊದಲ ಸಲ ನೋಡುತ್ತಿದ್ದ ನಾವು ಕಟ್ಟೆಯ ಅಂಚಿನವರೆಗೂ ಅದರ ಹಿಂದೆಯೇ ನಡೆದೆವು. ನೇವಿ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ರಾಜನ ಹಾಗಲ್ಲ, ಒಲೆಯ ಮುಂದೆ ಕೂತವನ ಹಾಗೆ ಸಮಾಧಾನವಾಗಿ ಕೂತಿದ್ದ.

ನಡುನೀರು ತಲುಪುವಷ್ಟರಲ್ಲಿ ದೋಣಿಯ ಮೂಗು ತಗ್ಗಿತು. ಆಮೇಲೆ ಒಂದು ಬದಿಗೆ ಒರಗಿತು. ಮುಂದೆ ನಾನು ಕಂಡದ್ದು ಹಾಯಿ ನೀರಿನ ಮೇಲೆ ಮಲಗಿದ್ದು, ತಂಗಿಯ ಸೀರೆಯ ಸೆರಗು ತೇಲುತ್ತಿದ್ದುದು. ಮೀನು ಹಿಡಿಯುತ್ತಿದ್ದ ಒಬ್ಬ ಬೆಸ್ತ ಪುಟ್ಟಿ ತಿರುಗಿಸಿಕೊಂಡು ಹೋಗಿ ಇಬ್ಬರನ್ನೂ ಎಳೆದುಕೊಂಡ. ನೀರು ಕುಡಿದು ಬಿಳಿಚಿದ್ದ ತಂಗಿಯನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿದರು. ಆಕೆ ಕಣ್ಣು ಬಿಟ್ಟು ಮೊದಲು ನೋಡಿದ್ದು ಗಂಡನನ್ನು. ನೋಡಿ ಮುಖ ಆಚೆಗೆ ತಿರುಗಿಸಿದಳು.

ದೋಣಿಯನ್ನು ಹಗ್ಗ ಹಾಕಿ ದಡಕ್ಕೆಳೆದು ನೀರು ಚೆಲ್ಲಿದರು. ನಾನು ಎಲ್ಲರಿಗಿಂತ ಮೊದಲು ಆಸನದ ಕೆಳಗೆ ಕೈ ತೂರಿಸಿದೆ. ತೇಪೆ ಅರ್ಧ ಎದ್ದಿತ್ತು. ಹೆಂಚಿನ ಮೇಲೆ ಅಂಚು ಬಿಟ್ಟ ರೊಟ್ಟಿಯ ಹಾಗೆ. ಹೊರಗಿನ ನೀರು ಬಿರುಕಿನೊಳಗಿಂದ ನುಗ್ಗಿ ಅದನ್ನು ಎತ್ತಿ ಹಾಕಿತ್ತು. ಆ ಕ್ಷಣದಲ್ಲೇ ನನಗೆ ಎಲ್ಲ ತಿಳಿಯಿತು. ನೇವಿ ನನ್ನ ಪಕ್ಕದಲ್ಲೇ ನಿಂತಿದ್ದ, ಮೈಯಿಂದ ನೀರು ಇಳಿಯುತ್ತಿತ್ತು.

"ಲೀಕ್ ಆತೇನು ಭಾವ?" ಎಂದು ಕೇಳಿದ. ಬೈಯುವ ದನಿಯಲ್ಲಲ್ಲ. ತಿಳಿದುಕೊಳ್ಳುವ ದನಿಯಲ್ಲಿ.

ನಾನು ತೇಪೆಯನ್ನು ಅಂಗೈಯಿಂದ ಒತ್ತಿ ಕೂರಿಸಿ, ಕೈ ಹೊರಗೆ ತೆಗೆದು, "ಇಲ್ಲ, ಗಟ್ಟಿ ಐತಿ," ಎಂದೆ.

ಅದೇ ಸುಳ್ಳು. ಮೂರೇ ಪದ.

ಬೆಸ್ತನಿಗೆ ಸಮಾಧಾನವಾಗಲಿಲ್ಲ. ಅವನು ನೀರಿನ ಮೇಲೆ ಬದುಕಿದವನು, ಪರೀಕ್ಷೆ ಮಾಡಿಯೇ ನೋಡೋಣ ಎಂದ. ಹೆಂಗಸರ ಕೈಯಲ್ಲಿದ್ದ ಕೊಡಗಳನ್ನು ಇಸಿದುಕೊಂಡು ಜನ ಸಾಲಾಗಿ ದೋಣಿಗೆ ನೀರು ಹೊಯ್ದರು. ನೀರು ತೇಪೆಯನ್ನು ಅದುಮಿ ಹಿಡಿಯಿತು. ಅಂಚಿನಲ್ಲಿ ಒಂದಿಷ್ಟು ಜಿನುಗಿದ್ದರೂ ದೋಣಿ ಕೆಸರಿನಲ್ಲಿ ಕೂತಿತ್ತು, ಯಾರಿಗೆ ಕಾಣಬೇಕು. ಹೊಯ್ದ ನೀರು ಹೊಯ್ದಷ್ಟೇ ನಿಂತಿತು. ನಮ್ಮ ನೆಲದಲ್ಲಿ ನೀರು ಹಿಡಿದು ನಿಲ್ಲುವ ಪಾತ್ರೆಯ ಮೇಲೆ ಯಾರೂ ಸಂಶಯ ಪಡುವುದಿಲ್ಲ. ತೀರ್ಪು ಆಗಿಹೋಯಿತು.

"ದೋಣಿ ಬರೋಬರಿ ಐತಿ," ಎಂದ ಬೆಸ್ತ. "ನಡೆಸಾಂವಗ ಬರಲಿಲ್ಲ, ಅಷ್ಟ."

ನೇವಿ ಆ ನಿಂತ ನೀರನ್ನು ನೋಡುತ್ತಿದ್ದ. ಆಮೇಲೆ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ನಾನು ಅದನ್ನು ಕಂಡೆ. ಕಂಡೂ ಬಾಯಿ ಬಿಡಲಿಲ್ಲ. ಅಲ್ಲಿ ನೆರೆದಿದ್ದವರಲ್ಲಿ ಅರ್ಧ ಜನರ ಮನೆಯ ಟಾಂಕಿಗೆ ನನ್ನ ತೇಪೆ ಇತ್ತು. ಟಾಂಕಿ ಮಾಸ್ತರನ ಕೆಲಸ ಸೋರಿತು ಎಂಬ ಮಾತು ಹುಟ್ಟಬಾರದಿತ್ತು. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನಲ್ಲಿರಲಿಲ್ಲ. ಹುಡುಕಿದರೂ ಸಿಕ್ಕಿಲ್ಲ.

ವಾರ ಬಿಟ್ಟು ಹೋಗಿ, ಒಬ್ಬನೇ ಇದ್ದಾಗ ಹಳೆಯ ತೇಪೆ ಕಿತ್ತು, ಮತ್ತೆ ಒಳಗಿನಿಂದಲೇ ದಪ್ಪಗೆ ಹಚ್ಚಿ ಬಂದೆ. ಅಷ್ಟರಲ್ಲಿ ತಂಗಿ ದೋಣಿಯನ್ನು ಎಮ್ಮೆಗಳ ನೀರಿನ ಬಾನಿ ಮಾಡಿಕೊಂಡಿದ್ದಳು. ಹನ್ನೊಂದು ವರ್ಷ ಅದು ಅಂಗಳದಲ್ಲಿ ಬಾನಿಯಾಗಿ ನಿಂತಿತು. ಬಂದವರೆಲ್ಲ ಅದರ ಬದಿಗೆ ಒಮ್ಮೆ ತಟ್ಟಿ, ಒಂದು ಹನಿ ಸೋರುವುದಿಲ್ಲ ನೋಡಿ ಎಂದು ಹೇಳಿ ಹೋಗುತ್ತಿದ್ದರು. ದಿನವೂ ತುಂಬಿದ ಆ ಬಾನಿಯೇ ನೇವಿಯ ವಿರುದ್ಧ ಸಾಕ್ಷಿ.

ಅವನು ಏನಾದ ಎಂಬುದನ್ನು ಹೇಳುತ್ತೇನೆ. ಮತ್ತೆಂದೂ ನೀರಿಗೆ ಇಳಿಯಲಿಲ್ಲ. ತಂಗಿ ಅವನ ಸ್ಕೂಟರಿನ ಹಿಂದೆ ಕೂರುವುದನ್ನು ಬಿಟ್ಟಳು. ಗೋನೆಗಂಡ್ಲಕ್ಕೆ ಹೋಗಬೇಕಾದರೆ ಆಟೋಕ್ಕೆ ಕಾಯುತ್ತಿದ್ದಳು. ನಿನ್ನ ಕೈಯಲ್ಲಿ ಜೀವ ಕೊಟ್ಟು ಒಮ್ಮೆ ಸತ್ತದ್ದು ಸಾಕು ಎಂಬುದು ಆಕೆಯ ಮಾತು. ಮೊದಲು ಅದು ಜಗಳದ ಮಾತಾಗಿತ್ತು, ಆಮೇಲೆ ವಾಡಿಕೆಯ ಮಾತಾಯಿತು. ಸ್ವಲ್ಪ ದಿನಕ್ಕೆ ಅವನು ಸ್ಕೂಟರನ್ನೇ ಮಾರಿದ. ಇನ್ನೂರು ಜನರಿಗೆ ಅಡುಗೆ ಮಾಡಿ ಬಡಿಸಿದವನು, ಸಾರು ಒಲೆಯ ಮೇಲಿರುವಾಗ ಹೆಂಡತಿಯನ್ನು ಕರೆದು ಉಪ್ಪು ಸರಿಯಿದೆಯೇ ನೋಡು ಎನ್ನತೊಡಗಿದ. ನಾನು ಅಲ್ಲೇ ಚಾಪೆಯ ಮೇಲೆ ಕೂತು ಆ ಸಾರನ್ನೇ ಉಂಡು ಬರುತ್ತಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ತಂಗಿ ಫೋನು ಮಾಡಿದಳು. ಮೊಣಕಾಲು ನೋವಿಗೆ ಎಮ್ಮೆ ಮಾರಿದ್ದೇನೆ, ಬಾನಿ ಇನ್ನು ಬೇಡ, ಗುಜರಿಯವನು ತುಂಡು ಮಾಡಿ ಕೊಟ್ಟರೆ ಒಯ್ಯುತ್ತೇನೆ ಅಂದಿದ್ದಾನೆ, ನಿನ್ನ ಕೊಯ್ಯುವ ಗ್ರೈಂಡರು ತೆಗೆದುಕೊಂಡು ಬಾ ಎಂದಳು. ನಾನು ಹೋದೆ. ಸುಳ್ಳು ಬರೆದು ಪ್ರಯೋಜನವಿಲ್ಲ, ಹಗುರವಾಗಿಯೇ ಹೋದೆ. ದೋಣಿ ತುಂಡಾದರೆ ನನ್ನ ತೇಪೆಯೂ ತುಂಡಾಗುತ್ತದೆ. ಆಮೇಲೆ ಯಾರೂ ಯಾವತ್ತೂ ಬೋರಲು ಹಾಕಿ ನೋಡುವಂತಿಲ್ಲ. ನಾನು ಪಾರು.

ಗ್ರೈಂಡರಿಗೆ ಕತ್ತರಿಸುವ ಚಕ್ರ ಹಾಕಿ ವೈರು ಚುಚ್ಚಿದೆ. ನೇವಿ ಜಗಲಿಯ ಕಂಬಕ್ಕೊರಗಿ ಕೂತಿದ್ದ.

"ಕೊಯ್ದು ಬಿಡು ಭಾವ," ಎಂದ. "ಅದರಾಗ ನೀರು ತುಂಬಿದ್ದು ಕಂಡಾಗೆಲ್ಲ ಯೋಚನಿ ಮಾಡ್ತಿದ್ದೆ, ಆ ದಿನ ಹಗ್ಗ ಎಲ್ಲಿ ತಪ್ಪು ಹಿಡಿದೆ, ಎಲ್ಲಿ ತಪ್ಪು ಹಿಡಿದೆ ಅಂತ. ಇವತ್ತಿಗೂ ಸಿಕ್ಕಿಲ್ಲ. ಇನ್ನ ಹುಡುಕೋದು ಸಾಕು."

ನಾನು ಗ್ರೈಂಡರು ಕೆಳಗಿಟ್ಟೆ. ಧೈರ್ಯ ಬಂದು ಇಟ್ಟೆನೆಂದು ಹೇಳಲಾರೆ, ಕೈಗೆ ಅದರ ಭಾರ ತಡೆಯಲಾಗಲಿಲ್ಲ. ನೀ ಎಲ್ಲೂ ತಪ್ಪು ಹಿಡಿಯಲಿಲ್ಲ ಎಂದೆ. ತೇಪೆ ಎದ್ದಿತ್ತು ಎಂದೆ, ಕೈಯಿಂದ ಒತ್ತಿ ಕೂರಿಸಿದ್ದೆ ಎಂದೆ. ಹೊರಗಿನಿಂದ ಮಾಡೋಣವೇ ಎಂದು ನೀನು ಕೇಳಿದ್ದು ಸರಿಯಿತ್ತು ಎಂದೆ. ಎಲ್ಲ ಹೇಳಿದೆ. ತಂಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಮೊದಲು ಮಾತಾಡಿದ್ದು ತಂಗಿ. ಆಕೆ ಅಳಲಿಲ್ಲ.

"ಹನ್ನೊಂದು ವರ್ಷ ಈ ಮನುಷ್ಯಾನ್ನ ಅಂದೀನಿ," ಎಂದಳು. "ಎದ್ದಾಗ ಕೂತಾಗ ಅಂದೀನಿ. ನನ್ನ ಬಾಯಾಗಿಂದ ಹೋಗಿದ್ದನ್ನ ನೀ ಯಾವ ರೆಸಿನ್ ಹಚ್ಚಿ ಮುಚ್ಚತಿ, ಅಣ್ಣ?"

ನೇವಿ ಎದ್ದು ಬಂದು ಬಾನಿಯ ತಳದಲ್ಲಿ ಉಳಿದಿದ್ದ ನೀರನ್ನು ತಂಬಿಗೆಯಿಂದ ತೋಡಿ ಚೆಲ್ಲತೊಡಗಿದ. ಅರ್ಧ ಖಾಲಿಯಾದ ಮೇಲೆ ನನ್ನ ಕಡೆ ನೋಡದೆ ಹೇಳಿದ.

"ರಿಪೇರಿ ಮಾಡು. ಈ ಸಲ ನಾ ಹೇಳಿದಂಗ. ಆಮ್ಯಾಲ ಅದರಾಗ ನನ್ನ ಕೂಡ ನೀ ಕೂಡಬೇಕು."

ನನಗೆ ಈಜು ಬರುವುದಿಲ್ಲ. ಅದು ಅವನಿಗೆ ಗೊತ್ತು. ಆಗಲಿ ಎಂದೆ.

ಮಗನಿಗೆ ವಿಷಯ ತಿಳಿದು ಸಿಟ್ಟಾದ. ನೇವಿಗೆ ಹೇಳಿದ್ದಾಯಿತಲ್ಲ, ಮನೆಯೊಳಗೇ ಇರಲಿ, ಹಳೆಯ ಗಿರಾಕಿಗಳು ಇನ್ನೂ ನಿನ್ನ ಹೆಸರು ಹೇಳಿಕೊಂಡೇ ಅಂಗಡಿಗೆ ಬರುತ್ತಾರೆ ಎಂದ. ಆ ಹೆಸರು ಉಳಿಯಲೆಂದೇ ಒಬ್ಬನ ಕೈ ಕಡಿದೆ, ಇನ್ನೆಷ್ಟು ದಿನ ಅದನ್ನು ಸಾಕಲಿ ಎಂದೆ. ಅವನು ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ನಾನು ಬಸ್ಸಿನಲ್ಲಿ ಹೋಗಿ ಬಂದು, ಕೆಲವು ರಾತ್ರಿ ಅಲ್ಲೇ ಜಗಲಿಯ ಮೇಲೆ ಮಲಗಿ, ರಿಪೇರಿ ಮಾಡಿದೆ.

ಮೊದಲು ಒಣಗಿಸುವುದು. ಹನ್ನೊಂದು ವರ್ಷ ನೀರು ಕುಡಿದ ಫೈಬರ್ ಬಟ್ಟೆಯ ಹಾಗೆ ನೆನೆದಿರುತ್ತದೆ. ಬೋರಲು ಹಾಕಿ, ಇಟ್ಟಿಗೆಗಳ ಮೇಲೆ ಎತ್ತಿ, ಎರಡು ತಿಂಗಳು ಬಿಸಿಲಿಗೆ ಬಿಟ್ಟೆವು. ನಮ್ಮ ಬಿಸಿಲು ಒಳ್ಳೆಯ ಕೆಲಸಕ್ಕೆ ಬಂದದ್ದನ್ನು ನಾನು ಕಂಡದ್ದು ಅಪರೂಪ. ಆಮೇಲೆ ಬೆರಳ ಗೆಣ್ಣಿನಿಂದ ತಳವನ್ನೆಲ್ಲ ತಟ್ಟುತ್ತಾ ಹೋದೆ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಸತ್ತಿದ್ದಲ್ಲಿ ಡಬ್ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಸುಣ್ಣದಿಂದ ಗುರುತು ಹಾಕಿದೆ. ಅಂಗೈ ಅಗಲದ ಬಿರುಕಿನ ಸುತ್ತ ಒಂದು ಮೊರದಗಲ ಸತ್ತಿತ್ತು. ಅದನ್ನು ಗ್ರೈಂಡರಿನಿಂದ, ಹೊರಗಿನಿಂದ, ತಟ್ಟೆಯ ಹಾಗೆ ಸುತ್ತ ಇಳಿಜಾರಾಗಿ ಕೊರೆದೆ. ಧೂಳಿಗೆ ಬಾಯಿ ಮೂಗು ಕಟ್ಟಿಕೊಂಡರೂ ವಾರ ಪೂರ್ತಿ ಕೆಮ್ಮಿದೆ. ಮುದುಕ ಗೋರಿಗೆ ಹೋಗುವ ದೋಣಿ ತಾನೇ ಮಾಡಿಕೊಳ್ಳುತ್ತಿದ್ದಾನೆ ಎಂದು ದಾರಿಯಲ್ಲಿ ಹೋಗುವವರು ಹೇಳಿದರಂತೆ. ಹೇಳಲಿ.

ಹಗಲಿನ ಬಿಸಿಗೆ ರೆಸಿನ್ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಹಾಗಾಗಿ ಬೆಳಕು ಹರಿಯುತ್ತಲೇ ಕಲಸಿ, ಹೊತ್ತು ಏರುವ ಮೊದಲು ಮ್ಯಾಟಿನ ಮೇಲೆ ಮ್ಯಾಟು ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಮುಗಿಸುತ್ತಿದ್ದೆ. ಎರಡು ಬದಿಯ ಆಸನಗಳ ಒಳಗೆ ಗಾಳಿ ತುಂಬಿದ ಪೆಟ್ಟಿಗೆಗಳಿವೆ, ದೋಣಿ ಮಗುಚಿದರೂ ತೇಲಲಿ ಎಂದು. ಅವು ಸೋರುತ್ತಿವೆಯೇ ಎಂದು ನೋಡುವ ಬಗೆಯನ್ನು ನೇವಿ ಹೇಳಿದ. ಮುಚ್ಚಳದ ರಂಧ್ರಕ್ಕೆ ಸೈಕಲ್ ಪಂಪಿನ ಪೈಪು ಹಚ್ಚಿ ಮೆಲ್ಲಗೆ ಗಾಳಿ ಕೊಡಬೇಕು, ಸಂದುಗಳಿಗೆ ಸೋಪಿನ ನೊರೆ ಬಳಿಯಬೇಕು. ಗುಳ್ಳೆ ಎದ್ದಲ್ಲಿ ಸೋರುತ್ತದೆ. ಪಂಪು ಒತ್ತಿದವನು ಅವನು, ನೊರೆ ನೋಡಿದವನು ನಾನು. ಬೇಕಾದಷ್ಟು ಮಾತ್ರ ಮಾತು. ಇಲ್ಲಿ, ಇನ್ನೊಂದು ಕಡೆ, ಸಾಕು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಕ್ಷಮಿಸು ಎಂದು ನಾನು ಕೇಳಲೂ ಇಲ್ಲ. ಕೇಳಿದರೆ ಅವನು ಏನಾದರೂ ಕೊಡಬೇಕಾಗುತ್ತದೆ. ಅವನಿಂದ ತೆಗೆದುಕೊಂಡದ್ದೇ ಹೆಚ್ಚಾಗಿತ್ತು.

ಮಳೆ ಬಂದು ಜಲಾಶಯ ತುಂಬಿದ ಮೇಲೆ ಒಂದು ಬೆಳಿಗ್ಗೆ ದೋಣಿ ಹೊರಟಿತು. ಮತ್ತೆ ಜನ ಸೇರಿದರು. ಆ ದಿನ ಇಬ್ಬರನ್ನೂ ಎಳೆದುಕೊಂಡಿದ್ದ ಬೆಸ್ತನೂ ಬಂದಿದ್ದ. ಈಗ ಅವನಿಗೂ ತಲೆ ನರೆತಿದೆ.

"ಮಾಸ್ತರ, ಕೊಡ ತರಸ್ಲೇನು?" ಎಂದ. "ತುಂಬಿ ನೋಡೋಣ. ಹೋದ ಸಲ ನೋಡಿದಂಗ."

"ಬ್ಯಾಡ," ಎಂದೆ. ನಾನು ಹೇಳಬೇಕಾದ್ದನ್ನು ಅಲ್ಲೇ, ಮೊಣಕಾಲುದ್ದ ನೀರಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ, ಯಾರೂ ಅರ್ಥವಾಗಲಿಲ್ಲ ಎನ್ನಬಾರದೆಂದು. ಆ ದಿನ ಕೊಡ ತುಂಬಿ ನೋಡಿದ್ದು ನನ್ನ ಸುಳ್ಳಿಗೆ ನೀರೆರೆದಂತಾಯಿತು ಎಂದೆ. ದೋಣಿಗೆ ನೀರು ಒಳಗಿನದಲ್ಲ, ಹೊರಗಿನದು ಎಂದೆ. ಮುಳುಗಿಸಿದವನು ನಾನು, ಇವನಲ್ಲ. ಇವನನ್ನು ಏನೇನೆಂದು ಕರೆದಿರೋ ಅದನ್ನೆಲ್ಲ ನನ್ನನ್ನು ಕರೆಯಿರಿ. ಆದರೆ ಒಂದು. ನಾನು ಸುಳ್ಳು ಹೇಳಿದೆ, ನೀವು ನಕ್ಕಿರಿ. ನಿಮ್ಮ ನಗೆಯನ್ನು ನಾನು ಹೊರುವುದಿಲ್ಲ, ಅದು ನಿಮ್ಮದು.

ಕೆಲವರು ತಲೆ ತಗ್ಗಿಸಿದರು. ಕೆಲವರಿಗೆ ತಮಾಷೆಯಾಗಿ ಕಂಡಿತು. ಮುದುಕನಿಗೆ ಅರಳು ಮರಳು ಎಂದು ಯಾರೋ ಅಂದದ್ದು ಕೇಳಿಸಿತು. ಬೆಸ್ತ ಮಾತ್ರ ಸುಮ್ಮನೆ ಬಂದು, ದೋಣಿಯ ಬದಿಗೆ ಭುಜ ಕೊಟ್ಟು, ನೀರಿಗೆ ತಳ್ಳಿದ.

ನಾನು ಹತ್ತಿ ಕೂತೆ. ನೇವಿ ಹಾಯಿ ಎಳೆದ. ಹಗ್ಗ ಹಿಡಿದ ಅವನ ಕೈ ಮತ್ತೆ ಮತ್ತೆ ಜಾಗ ಬದಲಿಸುತ್ತಿತ್ತು. ಗಾಳಿ ಪಡುವಣದಿಂದ ಬಂತು. ದೋಣಿ ಒಂದು ಬದಿಗೆ ಬಾಗಿದಾಗ ನಾನು ಆಸನದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ನನ್ನತ್ತ ನೋಡಲೂ ಇಲ್ಲ. ಗಾಳಿಯನ್ನೇ ನೋಡುತ್ತಿದ್ದ.

ನಡುನೀರಿನಲ್ಲಿ, ಹಲಗೆ ಇಳಿಬಿಡುವ ಸೀಳಿನ ಬುಡದಲ್ಲಿ, ದಾರದಷ್ಟು ನೀರು ಮೇಲೆದ್ದಿತು. ತಳದ ದೊಡ್ಡ ತೇಪೆ ಒಣಗಿಯೇ ಇತ್ತು. ಇದು ನಾನು ತಟ್ಟಿ ನೋಡದೆ ಬಿಟ್ಟ ಮೂಲೆ. ಬಾಯಿ ಮುಚ್ಚಿಕೊಂಡು ಪಾದ ಅಡ್ಡವಿಟ್ಟರೆ ದಡ ಸೇರುವವರೆಗೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದೇಕೆಂದರೆ, ಪಾದ ಅಲ್ಲಿಗೆ ಅರ್ಧ ಹೋಗಿತ್ತು.

"ಸೀಳಿನ ಬುಡದಾಗ ನೀರು ಬರಾಕತ್ತೈತಿ," ಎಂದೆ.

"ಎಷ್ಟು?"

"ತೆಳ್ಳಗ. ಸೂಜಿ ದಾರದಷ್ಟು. ಅಲ್ಲಿ ನಾ ನೋಡಿರಲಿಲ್ಲ."

ಅವನು ಒಂದು ಸಲ ಬಗ್ಗಿ ನೋಡಿದ. ಕಾಲ ಬಳಿ ಇದ್ದ ಪ್ಲಾಸ್ಟಿಕ್ ಮಗ್ಗನ್ನು ನನ್ನ ಕಡೆ ಒದ್ದ. "ತೋಡು," ಎಂದ. ಅಷ್ಟೇ. ಹಿಂದಕ್ಕೆ ತಿರುಗಿಸಲಿಲ್ಲ. ನಾನು ತೋಡುತ್ತಾ ಹೋದೆ, ಅವನು ನಡೆಸುತ್ತಾ ಹೋದ. ಆಚೆಯ ದಡದ ಜಾಲಿಮರಗಳ ಹತ್ತಿರ ದೋಣಿ ತಿರುಗಿಸುವಾಗ ಹಾಯಿ ಒಮ್ಮೆ ಪಟಪಟ ಬಡಿದು ಇನ್ನೊಂದು ಬದಿಗೆ ತುಂಬಿಕೊಂಡಿತು. ಅವನ ಕೈ ಆಗ ಹಗ್ಗದ ಮೇಲೆ ಒಂದೇ ಕಡೆ ನಿಂತಿತ್ತು. ಯಾವಾಗ ನಿಂತಿತೋ ನಾನು ನೋಡಲಿಲ್ಲ. ನಾನು ಮಗ್ಗು ನೋಡುತ್ತಿದ್ದೆ.

ಈಚೆ ದಡ ಮುಟ್ಟಿದಾಗ ಅವನು ನನಗೆ, "ಇಳಿ ಭಾವ, ನಿನ್ನ ಭಾರ ಹೆಚ್ಚು," ಎಂದ. ನಾನು ಇಳಿದೆ. ನನ್ನ ತಂಗಿ ನೀರಿನಂಚಿಗೆ ಬಂದು ನಿಂತಿದ್ದಳು. ಹತ್ತುತ್ತಾಳೆಂದು ಜನ ಕಾದರು. ಆಕೆ ಹತ್ತಲಿಲ್ಲ. ಒಂದು ಬದಿಯನ್ನು ಕೈಯಿಂದ ಹಿಡಿದು ಗಂಡನನ್ನು ನೋಡುತ್ತಾ ನಿಂತಳು. ಅವನೂ ಕರೆಯಲಿಲ್ಲ.

"ನೀ ಒಬ್ಬಾಂವನ ಹೋಗಿ ಬಾ," ಎಂದಳು ಕೊನೆಗೆ. "ಹೆಂಗ ಹಿಡೀತಿ ಅಂತ ನಾ ಆ ದಿನ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದೆ."

ತಾನೇ ದೋಣಿಯನ್ನು ತಳ್ಳಿದಳು. ಅವನು ಹೋದ. ಜನ ಒಬ್ಬೊಬ್ಬರಾಗಿ ಕಟ್ಟೆ ಬಿಟ್ಟು ತಮ್ಮ ಹೊಲಗೆಲಸಕ್ಕೆ ಹೊರಟರು. ಬಿಸಿಲೇರಿತು. ಆಕೆ ಮೊಣಕಾಲು ನೋಯುತ್ತಿದ್ದರೂ ಕೂರದೆ, ಹಣೆಗೆ ಕೈ ಅಡ್ಡ ಹಿಡಿದು, ಅವನು ಎರಡು ಸುತ್ತು ಹಾಕುವವರೆಗೂ ನೀರಿನಲ್ಲೇ ನಿಂತು ನೋಡಿದಳು. ನನ್ನ ಕಡೆ ತಿರುಗಲಿಲ್ಲ. ನಾನು ತುಸು ದೂರ ಒಂದು ಕಲ್ಲಿನ ಮೇಲೆ ಕೂತು ಒದ್ದೆಯಾದ ಪಂಚೆ ಹಿಂಡಿಕೊಂಡೆ. ನನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಹನ್ನೊಂದು ಗಂಟೆಯ ಬಸ್ಸಿಗೆ ಆದವಾನಿಗೆ ಬಂದೆ.